ಲಿಬ್‌ಸೋಡಿಯಂ: ಹದಿನಾಲ್ಕು ತಿಂಗಳ ಬಳಕೆಯ ನಂತರ ಒಂದು ವಿಮರ್ಶೆ

ಈಗಾಗಲೇ ಜನ ಬಳಸುತ್ತಿರುವ ಆ್ಯಪ್ ಒಂದಕ್ಕೆ ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್ ಸೇರಿಸಬೇಕೆಂದು ಹೊರಟವರು ಮೊದಲು ಹುಡುಕುವುದು ಒಂದು ಒಳ್ಳೆಯ ಲೈಬ್ರರಿಯನ್ನು, ಅಂದರೆ ಕೀಲಿಯಿಲ್ಲದವರಿಗೆ ಓದಲಾಗದಂತೆ ಮಾಹಿತಿಯನ್ನು ಮುಚ್ಚುವ ಸಿದ್ಧ ಕೋಡಿನ ಸಂಗ್ರಹವನ್ನು. ನಾಲ್ಕು ಮಂದಿಯ ನಮ್ಮ ತಂಡವೂ ಅದನ್ನೇ ಮಾಡಿತು. ನಮ್ಮ ಆ್ಯಪ್‌ನಲ್ಲಿ ಜನ ಟಿಪ್ಪಣಿ ಬರೆದಿಡುತ್ತಾರೆ, ಕಡತಗಳನ್ನು ಲಗತ್ತಿಸುತ್ತಾರೆ, ಬೇಕಾದವರೊಡನೆ ಹಂಚಿಕೊಳ್ಳುತ್ತಾರೆ. ಅವರು ಬರೆದದ್ದೆಲ್ಲ ನಮ್ಮ ಸರ್ವರ್‌ನಲ್ಲಿ ಓದಲು ಬರುವ ರೂಪದಲ್ಲೇ ಇತ್ತು. ತಂಡದ ಯಾರು ಬೇಕಾದರೂ ಡೇಟಾಬೇಸ್ ತೆರೆದು ಯಾರ ಟಿಪ್ಪಣಿಯನ್ನಾದರೂ ನೋಡಬಹುದಿತ್ತು. ನಾವು ನೋಡುತ್ತಿರಲಿಲ್ಲ ಎಂಬುದು ನಮ್ಮ ಸಭ್ಯತೆಯಾಗಿತ್ತೇ ಹೊರತು ವ್ಯವಸ್ಥೆಯ ಗುಣವಾಗಿರಲಿಲ್ಲ. ಈ ಸ್ಥಿತಿಯನ್ನು ಬದಲಿಸಲು ಹಲವು ಲೈಬ್ರರಿಗಳನ್ನು ಪರಿಶೀಲಿಸಿ ಕೊನೆಗೆ ಲಿಬ್‌ಸೋಡಿಯಂ ಅನ್ನು ಆರಿಸಿಕೊಂಡೆವು. ಅದರೊಡನೆ ಹದಿನಾಲ್ಕು ತಿಂಗಳು ಕೆಲಸ ಮಾಡಿದ ಮೇಲೆ ಬರೆಯುತ್ತಿರುವ ವಿಮರ್ಶೆ ಇದು. ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದಾದರೆ, ತಾನು ಮಾಡುತ್ತೇನೆಂದು ಒಪ್ಪಿಕೊಂಡ ಕೆಲಸವನ್ನು ಈ ಲೈಬ್ರರಿ ಅಚ್ಚುಕಟ್ಟಾಗಿ ಮಾಡುತ್ತದೆ; ಆದರೆ ಆ ಕೆಲಸ ನಮ್ಮ ಒಟ್ಟು ಶ್ರಮದ ಕಾಲು ಭಾಗವೂ ಆಗಿರಲಿಲ್ಲ.

ಮಾತಿನ ಅರ್ಥದಲ್ಲೇ ಗೊಂದಲವಿರುವುದರಿಂದ ಅದನ್ನು ಮೊದಲು ಬಿಡಿಸಿಕೊಳ್ಳಬೇಕು. ಬಹುತೇಕ ಎಲ್ಲ ಆ್ಯಪ್‌ಗಳೂ ಬಳಸುವ ಟಿಎಲ್‌ಎಸ್ ವ್ಯವಸ್ಥೆಯು ಫೋನಿನಿಂದ ಸರ್ವರ್‌ವರೆಗಿನ ದಾರಿಯನ್ನು ಮಾತ್ರ ಕಾಯುತ್ತದೆ. ಸರ್ವರ್ ತಲುಪಿದ ಕೂಡಲೇ ಮಾಹಿತಿ ಮತ್ತೆ ಬಿಚ್ಚಿಕೊಳ್ಳುತ್ತದೆ. ಸರ್ವರ್‌ನ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಿಟ್ಟರೂ ಅದರ ಕೀಲಿ ಸರ್ವರ್ ನಡೆಸುವವರ ಕೈಯಲ್ಲೇ ಇರುತ್ತದೆ. ಬೇಲಿಯೇ ಎದ್ದು ಹೊಲ ಮೇಯುವ ಸಾಧ್ಯತೆ ಈ ಎರಡರಲ್ಲೂ ಉಳಿದೇ ಇರುತ್ತದೆ. ಮಾಹಿತಿಯು ಬರೆದವರ ಸಾಧನದಲ್ಲಿ ಮುಚ್ಚಿಕೊಂಡು, ಓದಬೇಕಾದವರ ಸಾಧನದಲ್ಲಿ ಮಾತ್ರ ತೆರೆದುಕೊಳ್ಳಬೇಕು, ನಡುವೆ ಇರುವ ಯಾರ ಬಳಿಯೂ ಕೀಲಿ ಇರಬಾರದು ಎನ್ನುವುದೇ ಎಂಡ್-ಟು-ಎಂಡ್ ಎಂಬುದರ ತಿರುಳು. ಈ ಪದವನ್ನು ಸಡಿಲವಾಗಿ ಬಳಸಿದರೆ ಏನಾಗುತ್ತದೆ ಎಂಬುದಕ್ಕೆ ಜೂಮ್ ಉದಾಹರಣೆಯಿದೆ: ಅದರ ಸಭೆಗಳ ಕೀಲಿಗಳು ಕಂಪನಿಯ ಸರ್ವರ್‌ಗಳಲ್ಲೇ ಇದ್ದರೂ ಎಂಡ್-ಟು-ಎಂಡ್ ಎಂದು ಹೇಳಿಕೊಂಡದ್ದು 2020ರಲ್ಲಿ ಬಯಲಾಗಿ, ಅದೇ ವರ್ಷದ ನವೆಂಬರ್‌ನಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಜೊತೆಗೆ ಅದು ರಾಜಿ ಒಪ್ಪಂದ ಮಾಡಿಕೊಳ್ಳಬೇಕಾಯಿತು. ನಿಜವಾದ ಎಂಡ್-ಟು-ಎಂಡ್ ಆಯ್ಕೆ ಅದರಲ್ಲಿ ಬಂದದ್ದು 2020ರ ಅಕ್ಟೋಬರ್‌ನಲ್ಲಿ.

ಲಿಬ್‌ಸೋಡಿಯಂನ ಮೂಲ ನಾಕ್ಲ್ ಎಂಬ ಲೈಬ್ರರಿ. ಅದನ್ನು ರೂಪಿಸಿದವರು ಡೇನಿಯಲ್ ಬರ್ನ್‌ಸ್ಟೈನ್, ತಾನ್ಯಾ ಲಾಂಗೆ ಮತ್ತು ಪೀಟರ್ ಶ್ವಾಬೆ. ಅದನ್ನು ಎಲ್ಲ ಬಗೆಯ ಯಂತ್ರಗಳಲ್ಲಿ ಸುಲಭವಾಗಿ ಕೂರಿಸಬಹುದಾದಂತೆ 2013ರಿಂದ ಲಿಬ್‌ಸೋಡಿಯಂ ಎಂಬ ಹೆಸರಿನಲ್ಲಿ ಬೆಳೆಸಿದವರು ಫ್ರಾಂಕ್ ಡೆನಿಸ್. ಬರೆದಿರುವುದು ಸಿ ಭಾಷೆಯಲ್ಲಿ. ಪರವಾನಗಿ ಐಎಸ್‌ಸಿ, ಅಂದರೆ ವಾಣಿಜ್ಯ ಬಳಕೆಗೂ ಅಡ್ಡಿಯಿಲ್ಲದ್ದು. ಪೈಥಾನ್, ಸ್ವಿಫ್ಟ್, ಜಾವಾ, ಜಾವಾಸ್ಕ್ರಿಪ್ಟ್‌ಗಳಿಂದ ಇದನ್ನು ಬಳಸಬಹುದು, ಪಿಎಚ್‌ಪಿಯಲ್ಲಂತೂ 7.2ನೇ ಆವೃತ್ತಿಯಿಂದ ಭಾಷೆಯ ಜೊತೆಗೇ ಬರುತ್ತದೆ. 2017ರಲ್ಲಿ ನಡೆದ ಹೊರಗಿನವರ ಸುರಕ್ಷತಾ ಪರಿಶೀಲನೆಯಲ್ಲಿ ಗಂಭೀರ ದೋಷಗಳು ಕಂಡುಬರಲಿಲ್ಲ.

ಈ ಲೈಬ್ರರಿಯ ನಿಜವಾದ ಹೆಚ್ಚುಗಾರಿಕೆ ಅದು ಆಯ್ಕೆಗಳನ್ನು ಕೊಡದಿರುವುದರಲ್ಲಿದೆ. ಹಳೆಯ ಲೈಬ್ರರಿಗಳನ್ನು ತೆರೆದರೆ ಯಾವ ಸೈಫರ್, ಯಾವ ಮೋಡ್, ಯಾವ ಪ್ಯಾಡಿಂಗ್, ದೃಢೀಕರಣ ಮೊದಲೋ ಎನ್‌ಕ್ರಿಪ್ಷನ್ ಮೊದಲೋ ಎಂದು ಕೇಳುತ್ತವೆ; ಕ್ರಿಪ್ಟೋಗ್ರಫಿಯನ್ನು ವರ್ಷಗಟ್ಟಲೆ ಓದಿದವರಿಗೆ ಮಾತ್ರ ಆ ಪ್ರಶ್ನೆಗಳಿಗೆ ಸರಿಯುತ್ತರ ಗೊತ್ತಿರುತ್ತದೆ. ಲಿಬ್‌ಸೋಡಿಯಂನಲ್ಲಿ ಸೀಕ್ರೆಟ್‌ಬಾಕ್ಸ್ ಎಂಬ ಒಂದು ಫಂಕ್ಷನ್, ಅಂದರೆ ಹೆಸರಿಟ್ಟು ಕರೆಯಬಹುದಾದ ಸಿದ್ಧ ಕೋಡ್, ಇದೆ. ಅದಕ್ಕೆ ಸಂದೇಶವನ್ನೂ 32 ಬೈಟ್‌ಗಳ ಕೀಲಿಯನ್ನೂ 24 ಬೈಟ್‌ಗಳ ನಾನ್ಸನ್ನೂ (ಒಮ್ಮೆ ಮಾತ್ರ ಬಳಸುವ ಸಂಖ್ಯೆ, ಮುಂದೆ ವಿವರಿಸುತ್ತೇನೆ) ಕೊಟ್ಟರೆ, ಮುಚ್ಚಿದ ಸಂದೇಶವೂ ಅದನ್ನು ಯಾರೂ ತಿದ್ದಿಲ್ಲವೆಂದು ಖಾತ್ರಿಪಡಿಸುವ 16 ಬೈಟ್‌ಗಳ ಮುದ್ರೆಯೂ ಸಿಗುತ್ತವೆ. ತೆರೆಯುವಾಗ ಒಂದು ಬಿಟ್ ಬದಲಾಗಿದ್ದರೂ ಅದು ಏನನ್ನೂ ಹಿಂದಿರುಗಿಸದೆ ವಿಫಲವಾಗುತ್ತದೆ. ತಪ್ಪು ಕೀಲಿಯಿಂದ ತೆರೆದಾಗ ಅರ್ಧಂಬರ್ಧ ಕಸ ಹೊರಬಂದು ಅದನ್ನೇ ಆ್ಯಪ್ ನಂಬಿಕೊಳ್ಳುವ ಪ್ರಮೇಯವೇ ಇಲ್ಲ.

ನಾನ್ಸ್‌ನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಈ ಕ್ಷೇತ್ರದಲ್ಲಿ ಜನ ಎಡವುವುದು ಹೆಚ್ಚಾಗಿ ಅಲ್ಲೇ. ನಾನ್ಸ್ ಎಂದರೆ ಒಂದು ಕೀಲಿಯೊಡನೆ ಒಮ್ಮೆ ಮಾತ್ರ ಬಳಸಬೇಕಾದ ಸಂಖ್ಯೆ. ಅದು ಗುಟ್ಟಾಗಿರಬೇಕಿಲ್ಲ, ಆದರೆ ಮರುಕಳಿಸಬಾರದು. ಬ್ರೌಸರ್‌ಗಳಲ್ಲೂ ಫೋನ್‌ಗಳಲ್ಲೂ ಸುಲಭವಾಗಿ ಸಿಗುವ ಎಇಎಸ್-ಜಿಸಿಎಂ ವಿಧಾನದಲ್ಲಿ ನಾನ್ಸ್‌ನ ಉದ್ದ ಸಾಮಾನ್ಯವಾಗಿ 12 ಬೈಟ್. ಅಲ್ಲಿ ಒಂದೇ ನಾನ್ಸ್ ಎರಡು ಸಂದೇಶಗಳಿಗೆ ಬಿದ್ದರೆ ಎರಡೂ ಸಂದೇಶಗಳ ನಡುವಿನ ಸಂಬಂಧ ಹೊರಬೀಳುವುದಷ್ಟೇ ಅಲ್ಲ, ದೃಢೀಕರಣದ ಕೀಲಿಯೇ ಬಯಲಾಗಿ ಮುಂದೆ ಸುಳ್ಳು ಸಂದೇಶಗಳನ್ನು ಸೃಷ್ಟಿಸಲು ದಾರಿಯಾಗುತ್ತದೆ. ಯಾದೃಚ್ಛಿಕ ನಾನ್ಸ್‌ಗಳನ್ನು ಬಳಸುವುದಾದರೆ ಒಂದು ಕೀಲಿಯಿಂದ ಸುಮಾರು 430 ಕೋಟಿ ಸಂದೇಶಗಳಿಗಿಂತ ಹೆಚ್ಚು ಮುಚ್ಚಬಾರದೆಂದು ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿ ಮಿತಿ ಹಾಕಿರುವುದು ಈ ಕಾರಣಕ್ಕೆ. ಆ ಸಂಖ್ಯೆ ದೊಡ್ಡದೆನಿಸಬಹುದು. ಆದರೆ ಅಪಾಯ ಬರುವುದು ಸಂಖ್ಯೆಯಿಂದಲ್ಲ. ಎರಡು ಸಾಧನಗಳು ಒಂದೇ ಕೀಲಿಯನ್ನು ಹಿಡಿದುಕೊಂಡು ಸೊನ್ನೆಯಿಂದ ಎಣಿಕೆ ಆರಂಭಿಸುವುದರಿಂದ, ಬ್ಯಾಕಪ್‌ನಿಂದ ಮರಳಿದ ಫೋನ್ ಹಳೆಯ ಎಣಿಕೆಯನ್ನೇ ಮುಂದುವರಿಸುವುದರಿಂದ. ಸೀಕ್ರೆಟ್‌ಬಾಕ್ಸ್‌ನ ನಾನ್ಸ್ 24 ಬೈಟ್‌ಗಳಷ್ಟು ಉದ್ದವಿರುವುದರಿಂದ ಪ್ರತಿಸಲವೂ ಯಾದೃಚ್ಛಿಕವಾಗಿ ಒಂದನ್ನು ಹುಟ್ಟಿಸಿ ಸಂದೇಶದ ಮುಂದೆ ಅಂಟಿಸಿಬಿಟ್ಟರೆ ಸಾಕು. ಎಣಿಕೆ ಇಟ್ಟುಕೊಳ್ಳುವ ಗೋಜೇ ಇಲ್ಲ. ಒಂದು ಬಳಕೆದಾರರಿಗೆ ಮೂರು ನಾಲ್ಕು ಸಾಧನಗಳಿರುವ ನಮ್ಮಂಥ ಆ್ಯಪ್‌ಗೆ ಇದೊಂದೇ ಕಾರಣ ಸಾಕಾಗಿತ್ತು.

ಹೀಗೆ ಪ್ರತಿ ಟಿಪ್ಪಣಿಗೆ 40 ಬೈಟ್‌ಗಳ ಹೆಚ್ಚುವರಿ ಭಾರ ಬೀಳುತ್ತದೆ. ಅದು ಲೆಕ್ಕಕ್ಕೇ ಬರುವುದಿಲ್ಲ. ಆದರೆ ಮುಚ್ಚಿದ ಸಂದೇಶದ ಉದ್ದದಿಂದ ಮೂಲ ಸಂದೇಶದ ಉದ್ದವನ್ನು ಕರಾರುವಾಕ್ಕಾಗಿ ಕಂಡುಹಿಡಿಯಬಹುದೆಂಬುದು ನಮಗೆ ತಡವಾಗಿ ಹೊಳೆಯಿತು. ‘ಬೇಕು’, ‘ಬೇಡ’ ಎಂಬಂಥ ಚಿಕ್ಕ ಉತ್ತರಗಳನ್ನು ಉಳಿಸುವ ಆ್ಯಪ್‌ಗಳಲ್ಲಿ ಉದ್ದವೇ ಉತ್ತರವನ್ನು ಹೇಳಿಬಿಡಬಲ್ಲದು. ಇದಕ್ಕಾಗಿ ಸಂದೇಶವನ್ನು ನಿಗದಿತ ಅಳತೆಗೆ ಹಿಗ್ಗಿಸುವ ಪ್ಯಾಡಿಂಗ್ ಫಂಕ್ಷನ್ ಲಿಬ್‌ಸೋಡಿಯಂನಲ್ಲೇ ಇದೆ. ಆದರೆ ನಾವಾಗಿ ಕರೆಯದಿದ್ದರೆ ಅದು ಕೆಲಸ ಮಾಡುವುದಿಲ್ಲ.

ದೊಡ್ಡ ಕಡತಗಳ ವಿಷಯದಲ್ಲಿ ನಾವು ಮಾಡಿದ ತಪ್ಪನ್ನು ಒಪ್ಪಿಕೊಳ್ಳಬೇಕು, ತಪ್ಪು ನಮ್ಮದೇ, ಲೈಬ್ರರಿಯದಲ್ಲ. ನೂರಾರು ಮೆಗಾಬೈಟ್‌ಗಳ ವಿಡಿಯೋವನ್ನು ಒಟ್ಟಿಗೇ ಮೆಮೊರಿಗೆ ತಂದುಕೊಳ್ಳಲಾಗದೆಂದು ನಾವು ಅದನ್ನು ತುಂಡುಗಳಾಗಿ ಕತ್ತರಿಸಿ, ಪ್ರತಿ ತುಂಡನ್ನೂ ಸೀಕ್ರೆಟ್‌ಬಾಕ್ಸ್‌ನಿಂದ ಬೇರೆ ಬೇರೆಯಾಗಿ ಮುಚ್ಚಿ, ಸಾಲಾಗಿ ಜೋಡಿಸಿ ಸರ್ವರ್‌ಗೆ ಕಳುಹಿಸಿದೆವು. ಎಲ್ಲವೂ ಸರಿಯಾಗಿ ಕೆಲಸ ಮಾಡಿತು. ತಂಡದಲ್ಲಿ ಪರೀಕ್ಷೆ ನೋಡಿಕೊಳ್ಳುವವರು ಒಂದು ದಿನ ಸರ್ವರ್‌ನಲ್ಲಿದ್ದ ಕಡತದ ಎರಡನೆಯ ಮತ್ತು ಮೂರನೆಯ ತುಂಡುಗಳನ್ನು ಅದಲುಬದಲು ಮಾಡಿ, ಕೊನೆಯ ಎರಡನ್ನು ಅಳಿಸಿಹಾಕಿ, ಫೋನಿನಲ್ಲಿ ತೆರೆದು ತೋರಿಸಿದರು. ಆ್ಯಪ್ ಒಂದು ಎಚ್ಚರಿಕೆಯನ್ನೂ ಕೊಡದೆ ಕಡತವನ್ನು ತೆರೆಯಿತು. ಪ್ರತಿ ತುಂಡೂ ಅಸಲಿಯೇ ಆಗಿತ್ತು. ಅವುಗಳ ಸರದಿ ಮತ್ತು ಒಟ್ಟು ಸಂಖ್ಯೆಗೆ ಮಾತ್ರ ಯಾರೂ ಜವಾಬ್ದಾರರಿರಲಿಲ್ಲ. ಸರ್ವರ್‌ಗೆ ಓದಲು ಬರದಂತೆ ಮಾಡಿದ್ದೆವು, ಆದರೆ ಅದು ಕತ್ತರಿಸಿ ಅಂಟಿಸಬಹುದಾಗಿತ್ತು.

ಇದೇ ಕೆಲಸಕ್ಕೆಂದು ಲಿಬ್‌ಸೋಡಿಯಂನಲ್ಲಿ ಸೀಕ್ರೆಟ್‌ಸ್ಟ್ರೀಮ್ ಎಂಬ ಬೇರೆಯೇ ಏರ್ಪಾಡಿದೆ ಎಂಬುದನ್ನು ನಾವು ಓದದೆ ಬಿಟ್ಟಿದ್ದೆವು. ಅದು ಮೊದಲಿಗೆ 24 ಬೈಟ್‌ಗಳ ತಲೆಬರಹವನ್ನು ಇಟ್ಟು, ನಂತರದ ಪ್ರತಿ ತುಂಡಿಗೆ 17 ಬೈಟ್‌ಗಳನ್ನು ಸೇರಿಸುತ್ತದೆ. ಆ ಹದಿನೇಳರಲ್ಲಿ ಒಂದು ಬೈಟ್ ತುಂಡಿನ ಪಾತ್ರವನ್ನು ಹೇಳುವ ಗುರುತು. ಕೊನೆಯ ತುಂಡಿಗೆ ‘ಫೈನಲ್’ ಎಂಬ ಗುರುತು ಹಾಕಬೇಕು. ಅದು ಬಾರದೆ ಕಡತ ಮುಗಿದುಹೋದರೆ ಯಾರೋ ಬಾಲ ಕತ್ತರಿಸಿದ್ದಾರೆಂದು ತಿಳಿಯುತ್ತದೆ. ತುಂಡುಗಳನ್ನು ಅದಲುಬದಲು ಮಾಡಿದರೆ, ನಕಲು ಮಾಡಿ ಸೇರಿಸಿದರೆ, ನಡುವಿನದೊಂದನ್ನು ಕಿತ್ತರೆ ಆ ಜಾಗದಲ್ಲೇ ತೆರೆಯುವಿಕೆ ನಿಂತುಹೋಗುತ್ತದೆ. ನಾನ್ಸ್‌ಗಳನ್ನೂ ಅದೇ ನೋಡಿಕೊಳ್ಳುತ್ತದೆ. ನಮ್ಮ ಮುನ್ನೂರು ಸಾಲುಗಳ ಕೋಡನ್ನು ಕಿತ್ತುಹಾಕಿ ಅರವತ್ತು ಸಾಲುಗಳಲ್ಲಿ ಇದನ್ನು ಬರೆದೆವು. ಕಡತಗಳ ಎನ್‌ಕ್ರಿಪ್ಷನ್‌ಗೆ ಇದಕ್ಕಿಂತ ಸೊಗಸಾದ ಏರ್ಪಾಡನ್ನು ನಾನು ಬೇರೆಲ್ಲೂ ಕಂಡಿಲ್ಲ.

ಹಂಚಿಕೊಳ್ಳುವಿಕೆಗೆ ಬರೋಣ. ಪ್ರತಿ ಬಳಕೆದಾರರಿಗೂ ಒಂದು ಜೋಡಿ ಕೀಲಿಗಳಿರುತ್ತವೆ: ಮುಚ್ಚಲು ಯಾರಿಗೆ ಬೇಕಾದರೂ ಕೊಡಬಹುದಾದ ಸಾರ್ವಜನಿಕ ಕೀಲಿ, ತೆರೆಯಲು ತಮ್ಮಲ್ಲೇ ಉಳಿಸಿಕೊಳ್ಳುವ ಖಾಸಗಿ ಕೀಲಿ. ಪ್ರತಿ ಟಿಪ್ಪಣಿಗೆ ಒಂದು ಯಾದೃಚ್ಛಿಕ ಕೀಲಿ. ಆ ಕೀಲಿಯನ್ನು ಹಂಚಿಕೊಂಡ ಪ್ರತಿಯೊಬ್ಬರ ಸಾರ್ವಜನಿಕ ಕೀಲಿಯಿಂದ ಮುಚ್ಚಿ ಸರ್ವರ್‌ನಲ್ಲಿಡುವುದು ನಮ್ಮ ವಿನ್ಯಾಸ. ಇದಕ್ಕೆ ಸೀಲ್ಡ್ ಬಾಕ್ಸ್ ಎಂಬ ಫಂಕ್ಷನ್ ಬಳಸಿದೆವು. ಅದು 48 ಬೈಟ್‌ಗಳನ್ನು ಸೇರಿಸುತ್ತದೆ, ಹಾಗಾಗಿ ಒಬ್ಬರಿಗೆ 80 ಬೈಟ್. ನೂರು ಜನರಿಗೆ ಹಂಚಿದರೂ ಎಂಟು ಕಿಲೋಬೈಟ್ ದಾಟುವುದಿಲ್ಲ. ಇಲ್ಲಿಯೂ ಒಂದು ಹಳ್ಳವಿದೆ. ಸೀಲ್ಡ್ ಬಾಕ್ಸ್ ಹೆಸರೇ ಇಲ್ಲದ ಲಕೋಟೆ: ಪಡೆದವರಿಗೆ ಅದರೊಳಗೇನಿದೆ ಎಂಬುದು ತಿಳಿಯುತ್ತದೆ, ಕಳುಹಿಸಿದವರು ಯಾರೆಂಬುದು ತಿಳಿಯುವುದಿಲ್ಲ. ಸಾರ್ವಜನಿಕ ಕೀಲಿ ಗೊತ್ತಿರುವ ಯಾರು ಬೇಕಾದರೂ, ಸರ್ವರ್ ಕೂಡ, ಒಂದು ಸೀಲ್ಡ್ ಬಾಕ್ಸ್ ಮಾಡಿ ಇಟ್ಟುಬಿಡಬಹುದು. ದಾಖಲೆ ಪುಟಗಳಲ್ಲಿ ಇದನ್ನು ಸ್ಪಷ್ಟವಾಗಿಯೇ ಬರೆದಿದ್ದಾರೆ. ನಾವು ಕಳುಹಿಸಿದವರ ಸಹಿಯನ್ನು ಇಡಿ25519 ಎಂಬ ಡಿಜಿಟಲ್ ಸಹಿಯ ವಿಧಾನದಿಂದ ಪ್ರತ್ಯೇಕವಾಗಿ ಸೇರಿಸಿ ಇದನ್ನು ಸರಿಪಡಿಸಿದೆವು. ಕಳುಹಿಸುವವರ ಕೀಲಿಯನ್ನೂ ಬೆಸೆಯುವ ಸಾಮಾನ್ಯ ಬಾಕ್ಸ್ ಫಂಕ್ಷನ್ ಬಳಸುವುದು ಇನ್ನೊಂದು ದಾರಿ. ಗುಂಪಿನಿಂದ ಒಬ್ಬರನ್ನು ತೆಗೆದಾಗ ಟಿಪ್ಪಣಿಗೆ ಹೊಸ ಕೀಲಿ ಹುಟ್ಟಿಸಿ ಉಳಿದವರಿಗೆಲ್ಲ ಮತ್ತೆ ಹಂಚಬೇಕೆಂಬುದನ್ನು ಯಾವ ಲೈಬ್ರರಿಯೂ ನೆನಪಿಸುವುದಿಲ್ಲ. ತೆಗೆದವರು ಅದಕ್ಕೆ ಮೊದಲೇ ಓದಿದ್ದನ್ನು ಮರೆಸುವುದಂತೂ ಯಾರಿಂದಲೂ ಆಗದು.

ಪಾಸ್‌ವರ್ಡ್‌ನಿಂದ ಕೀಲಿ ಹುಟ್ಟಿಸುವ ಭಾಗ ಚೆನ್ನಾಗಿದೆ. ಬಳಸುವುದು 2015ರ ಪಾಸ್‌ವರ್ಡ್ ಹ್ಯಾಶಿಂಗ್ ಸ್ಪರ್ಧೆಯಲ್ಲಿ ಗೆದ್ದ ಆರ್ಗಾನ್2 ವಿಧಾನವನ್ನು. ಇದು ಬೇಕೆಂದೇ ನಿಧಾನವಾಗಿಯೂ ಮೆಮೊರಿ ನುಂಗುವಂತೆಯೂ ಇರುವುದರಿಂದ ಕೋಟ್ಯಂತರ ಪಾಸ್‌ವರ್ಡ್‌ಗಳನ್ನು ಒಂದೊಂದಾಗಿ ಪರೀಕ್ಷಿಸುವವರಿಗೆ ವೆಚ್ಚ ಏರುತ್ತದೆ. ಮೂರು ಸಿದ್ಧ ಮಟ್ಟಗಳಿವೆ: 64, 256 ಮತ್ತು 1024 ಮೆಬಿಬೈಟ್ (ಮೆಗಾಬೈಟ್‌ಗಿಂತ ತುಸು ದೊಡ್ಡ ಅಳತೆ) ಮೆಮೊರಿ ಬಳಸುವಂಥವು. ಮೊದಮೊದಲು ಉತ್ಸಾಹದಲ್ಲಿ ದೊಡ್ಡದನ್ನೇ ಇಟ್ಟೆವು. ಹಳೆಯ ಫೋನ್‌ಗಳಲ್ಲಿ ಆ್ಯಪ್ ಸದ್ದಿಲ್ಲದೆ ಮುಚ್ಚಿಕೊಂಡಿತು. ಈಗ ಇರುವುದು 64. ಇಲ್ಲಿ ಇನ್ನೊಂದು ಎಚ್ಚರ ಬೇಕು: ಲಾಗಿನ್‌ಗೂ ಎನ್‌ಕ್ರಿಪ್ಷನ್‌ಗೂ ಒಂದೇ ಪಾಸ್‌ವರ್ಡ್ ಇದ್ದು, ಲಾಗಿನ್‌ಗಾಗಿ ಅದನ್ನು ಹಾಗೆಯೇ ಸರ್ವರ್‌ಗೆ ಕಳುಹಿಸಿದರೆ ಉಳಿದ ಎಲ್ಲ ಶ್ರಮವೂ ನೀರಿನಲ್ಲಿ ಹೋಮ. ಸಾಧನದಲ್ಲೇ ಪಾಸ್‌ವರ್ಡ್‌ನಿಂದ ಒಂದು ಮೂಲ ಕೀಲಿ ಹುಟ್ಟಿಸಿ, ಅದರಿಂದ ಎರಡು ಸ್ವತಂತ್ರ ಕೀಲಿಗಳನ್ನು ಕವಲೊಡೆಸಿ, ಒಂದನ್ನು ಮಾತ್ರ ಗುರುತಿಗಾಗಿ ಸರ್ವರ್‌ಗೆ ತೋರಿಸಬೇಕು. ಹೀಗೆ ಕವಲೊಡೆಸಲು ಬೇಕಾದ ಫಂಕ್ಷನ್ ಕೂಡ ಲೈಬ್ರರಿಯಲ್ಲಿದೆ.

ಇಲ್ಲಿಗೆ ಲಿಬ್‌ಸೋಡಿಯಂನ ಪಾಲು ಬಹುಮಟ್ಟಿಗೆ ಮುಗಿಯಿತು, ನಮ್ಮ ಕೆಲಸ ಶುರುವಾಯಿತು.

ಮೊದಲ ಪ್ರಶ್ನೆ: ನನ್ನ ಫೋನಿಗೆ ಬಂದ ಈ ಸಾರ್ವಜನಿಕ ಕೀಲಿ ನಿಜವಾಗಿಯೂ ನನ್ನ ಗೆಳತಿಯದೇ? ಕೀಲಿಗಳನ್ನು ಹಂಚುವುದು ಸರ್ವರ್. ಸರ್ವರ್ ಅಪ್ರಾಮಾಣಿಕವಾದರೆ, ಅಥವಾ ಅದಕ್ಕೆ ಕನ್ನ ಬಿದ್ದರೆ, ಗೆಳತಿಯ ಕೀಲಿಯ ಬದಲು ತನ್ನದನ್ನು ಕೊಟ್ಟು, ನಡುವೆ ಕುಳಿತು ಎಲ್ಲವನ್ನೂ ಓದಿ, ಮತ್ತೆ ಮುಚ್ಚಿ ಕಳುಹಿಸಬಹುದು. ಗಣಿತ ಎಷ್ಟೇ ಗಟ್ಟಿಯಾಗಿದ್ದರೂ ಈ ಮೋಸವನ್ನು ಅದು ತಡೆಯುವುದಿಲ್ಲ. ಸಿಗ್ನಲ್ ಆ್ಯಪ್ ಇದಕ್ಕಾಗಿ 60 ಅಂಕಿಗಳ ಸುರಕ್ಷತಾ ಸಂಖ್ಯೆಯನ್ನು ತೋರಿಸಿ, ಇಬ್ಬರೂ ಹೋಲಿಸಿ ನೋಡುವಂತೆ ಮಾಡುತ್ತದೆ. ವಾಟ್ಸ್‌ಆ್ಯಪ್ 2023ರಲ್ಲಿ ಕೀಲಿಗಳ ಪರಿಶೀಲಿಸಬಹುದಾದ ಸಾರ್ವಜನಿಕ ದಾಖಲೆಯನ್ನು ತಂದಿತು. ಆ್ಯಪಲ್ ಕೂಡ ಅದೇ ವರ್ಷದ ಕೊನೆಯಲ್ಲಿ ಐಮೆಸೇಜ್‌ಗೆ ಇಂಥದೇ ಪರಿಶೀಲನೆಯನ್ನು ಸೇರಿಸಿತು. ನಾವು ಕ್ಯೂಆರ್ ಸಂಕೇತವನ್ನು ಸ್ಕ್ಯಾನ್ ಮಾಡುವ ಸರಳ ಪರದೆಯೊಂದನ್ನು ಕಟ್ಟಿದೆವು. ಅದನ್ನು ಬಳಸುವವರು ತೀರಾ ಕಡಿಮೆ. ಆದರೂ ಕೀಲಿ ಬದಲಾದಾಗ ತೋರುವ ಎಚ್ಚರಿಕೆಯನ್ನು ತೆಗೆದುಹಾಕಬೇಕೆಂಬ ಸಲಹೆಗೆ ನಾನು ಒಪ್ಪಲಿಲ್ಲ. ನೂರರಲ್ಲಿ ಇಬ್ಬರು ಹೋಲಿಸಿ ನೋಡುತ್ತಾರೆಂದರೂ ಎಲ್ಲರಿಗೂ ಒಟ್ಟಾಗಿ ಮೋಸ ಮಾಡಹೊರಟ ಸರ್ವರ್ ಆ ಇಬ್ಬರ ಕೈಗೆ ಸಿಕ್ಕಿಬೀಳುತ್ತದೆ.

ಎರಡನೆಯ ಪ್ರಶ್ನೆ ಇದಕ್ಕಿಂತ ಕಠಿಣವಾದದ್ದು. ಪಾಸ್‌ವರ್ಡ್ ಮರೆತುಹೋದರೆ? ಮೊದಲು ‘ಪಾಸ್‌ವರ್ಡ್ ಮರೆತಿರಾ’ ಎಂಬ ಗುಂಡಿ ಒತ್ತಿದರೆ ಇಮೇಲ್ ಬರುತ್ತಿತ್ತು, ಹೊಸ ಪಾಸ್‌ವರ್ಡ್ ಇಟ್ಟುಕೊಂಡರೆ ಎಲ್ಲವೂ ಹಿಂದಿನಂತೆ ಇರುತ್ತಿತ್ತು. ಎಂಡ್-ಟು-ಎಂಡ್ ಆದ ಮೇಲೆ ಆ ಗುಂಡಿಗೆ ಅರ್ಥವೇ ಇಲ್ಲ. ನಾವು ಯಾರದೋ ಟಿಪ್ಪಣಿಗಳನ್ನು ಮರಳಿ ತೆರೆದುಕೊಡಬಲ್ಲೆವು ಎಂದರೆ ನಾವು ಅವನ್ನು ಓದಬಲ್ಲೆವು ಎಂದೇ ಅರ್ಥ. ಈ ಎರಡರ ನಡುವೆ ಜಾಗವಿಲ್ಲ. ಆ್ಯಪಲ್ 2022ರ ಡಿಸೆಂಬರ್‌ನಲ್ಲಿ ಐಕ್ಲೌಡ್ ಮಾಹಿತಿಯನ್ನು ಎಂಡ್-ಟು-ಎಂಡ್ ಮುಚ್ಚುವ ಅಡ್ವಾನ್ಸ್ಡ್ ಡೇಟಾ ಪ್ರೊಟೆಕ್ಷನ್ ಆಯ್ಕೆಯನ್ನು ತಂದಾಗ, ಅದನ್ನು ಆನ್ ಮಾಡುವ ಮೊದಲು ಮರುಪಡೆಯುವ ಕೀಲಿಯನ್ನೋ ನಂಬಿಕಸ್ಥ ಸಂಪರ್ಕವನ್ನೋ ಗೊತ್ತುಮಾಡಲೇಬೇಕೆಂದು ನಿಯಮವಿಟ್ಟದ್ದು ಇದಕ್ಕೇ. ವಾಟ್ಸ್‌ಆ್ಯಪ್ 2021ರಲ್ಲಿ ಎನ್‌ಕ್ರಿಪ್ಟ್ ಆದ ಬ್ಯಾಕಪ್ ತಂದಾಗ ಪಾಸ್‌ವರ್ಡ್ ಅಥವಾ 64 ಅಂಕಿಗಳ ಕೀಲಿ ಎಂಬ ಎರಡು ದಾರಿಗಳನ್ನು ಕೊಟ್ಟಿತು. ನಾವು ಇಪ್ಪತ್ತನಾಲ್ಕು ಪದಗಳ ಮರುಪಡೆಯುವ ಸಂಕೇತವನ್ನು ಕೊಟ್ಟು, ‘ಬರೆದಿಟ್ಟುಕೊಳ್ಳಿ’ ಎಂದು ಹೇಳಿ, ‘ಮುಂದೆ’ ಎಂಬ ಗುಂಡಿ ಇಟ್ಟೆವು. ಜನ ‘ಮುಂದೆ’ ಒತ್ತಿದರು.

ಮೂರನೆಯ ವಾರದಲ್ಲಿ ಒಬ್ಬ ಬಳಕೆದಾರರ ಪತ್ರ ಬಂತು. ಫೋನ್ ನೀರಿಗೆ ಬಿದ್ದಿತ್ತು, ಪಾಸ್‌ವರ್ಡ್ ನೆನಪಿರಲಿಲ್ಲ, ಸಂಕೇತವನ್ನು ಬರೆದಿಟ್ಟುಕೊಂಡಿರಲಿಲ್ಲ. ಆರು ವರ್ಷಗಳ ಟಿಪ್ಪಣಿಗಳು ನಮ್ಮ ಸರ್ವರ್‌ನಲ್ಲಿ ಸುರಕ್ಷಿತವಾಗಿದ್ದವು, ಅವರಿಗಾಗಲಿ ನಮಗಾಗಲಿ ಎಂದೆಂದಿಗೂ ಉಪಯೋಗಕ್ಕೆ ಬಾರದಂತೆ. ಆ ಪತ್ರಕ್ಕೆ ಉತ್ತರ ಬರೆಯಲು ನಮಗೆ ಎರಡು ದಿನ ಹಿಡಿಯಿತು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ, ಅನಂತರ ನಾವು ಪರದೆಯನ್ನು ತಿದ್ದಿದೆವು: ಸಂಕೇತದ ಮೂರು ಪದಗಳನ್ನು ಮರಳಿ ಟೈಪ್ ಮಾಡಿದರಷ್ಟೇ ಮುಂದಿನ ಹಂತ, ತಿಂಗಳ ನಂತರ ಒಮ್ಮೆ ಮತ್ತೆ ಕೇಳುವುದು, ಈಗಾಗಲೇ ಲಾಗಿನ್ ಆಗಿರುವ ಇನ್ನೊಂದು ಸಾಧನದಿಂದ ಕೀಲಿಯನ್ನು ದಾಟಿಸಿಕೊಳ್ಳುವ ಅವಕಾಶ. ಈ ಕೆಲಸಕ್ಕೆ ಹಿಡಿದ ಸಮಯ ಇಡೀ ಎನ್‌ಕ್ರಿಪ್ಷನ್ ಕೋಡ್ ಬರೆಯಲು ಹಿಡಿದುದಕ್ಕಿಂತ ಹೆಚ್ಚು.

ಕೀಲಿಯನ್ನು ಸಾಧನದಲ್ಲಿ ಎಲ್ಲಿಡಬೇಕೆಂಬುದೂ ಲೈಬ್ರರಿಯ ವ್ಯಾಪ್ತಿಗೆ ಹೊರಗಿನದು. ಫೋನ್‌ಗಳ ಸುರಕ್ಷಿತ ಚಿಪ್‌ಗಳನ್ನು ಬಳಸೋಣವೆಂದರೆ, ಐಫೋನಿನ ಸೆಕ್ಯೂರ್ ಎನ್‌ಕ್ಲೇವ್ ಲಿಬ್‌ಸೋಡಿಯಂ ಬಳಸುವ ಕರ್ವ್25519 ಬಗೆಯ ಕೀಲಿಗಳನ್ನು ತನ್ನೊಳಗೆ ಇಟ್ಟುಕೊಳ್ಳುವುದಿಲ್ಲ. ಅದರ ಒಲವು ಪಿ-256 ಎಂಬ ಬೇರೊಂದು ಬಗೆಯ ಕೀಲಿಗಳ ಕಡೆಗೆ. ಆದ್ದರಿಂದ ನಮ್ಮ ಕೀಲಿಯನ್ನು ಚಿಪ್‌ನ ಕೀಲಿಯಿಂದ ಸುತ್ತಿ ಇಡಬೇಕಾಯಿತು. ಸಿ ಭಾಷೆಯಲ್ಲಿ ಬಳಸಿದ ಕೀಲಿಯನ್ನು ಮೆಮೊರಿಯಿಂದ ಒರೆಸಿಹಾಕುವ ಫಂಕ್ಷನ್ ಇದೆ, ಆದರೆ ಜಾವಾಸ್ಕ್ರಿಪ್ಟ್‌ನಲ್ಲಿ ಅದರ ಮೇಲೆ ಪೂರ್ತಿ ಭರವಸೆ ಇಡುವಂತಿಲ್ಲ.

ಬ್ರೌಸರ್ ಆವೃತ್ತಿಯ ಬಗ್ಗೆ ನನ್ನ ಅಸಮಾಧಾನ ಇನ್ನೂ ಹೋಗಿಲ್ಲ. ಲಿಬ್‌ಸೋಡಿಯಂ ವೆಬ್‌ಅಸೆಂಬ್ಲಿಯ (ಬ್ರೌಸರ್‌ಗೆಂದು ಪರಿವರ್ತಿಸಿದ ಕೋಡ್) ರೂಪದಲ್ಲಿ ಬ್ರೌಸರ್‌ನಲ್ಲಿ ಸರಾಗವಾಗಿ ಓಡುತ್ತದೆ, ಅದರಲ್ಲಿ ದೋಷವಿಲ್ಲ. ಆದರೆ ಪುಟ ತೆರೆದಾಗಲೆಲ್ಲ ಕೋಡನ್ನು ಕಳುಹಿಸುವುದು ನಾವು ನಂಬಬೇಕಿಲ್ಲವೆಂದು ಹೇಳಿದ ಅದೇ ಸರ್ವರ್. ಒಬ್ಬ ನಿರ್ದಿಷ್ಟ ಬಳಕೆದಾರರಿಗೆ ಮಾತ್ರ, ಒಂದೇ ಒಂದು ಸಲ, ಕೀಲಿಯನ್ನು ಕದಿಯುವ ಕೋಡ್ ಕಳುಹಿಸಿದರೆ ಯಾರಿಗೂ ಸುಳಿವು ಸಿಗುವುದಿಲ್ಲ. ಆ್ಯಪ್ ಸ್ಟೋರ್‌ನಿಂದ ಇಳಿಸಿಕೊಂಡ, ಎಲ್ಲರಿಗೂ ಒಂದೇ ಆಗಿರುವ ಸಹಿಯುಳ್ಳ ಆ್ಯಪ್‌ನಲ್ಲಿ ಈ ಅಪಾಯ ಬಹಳ ಕಡಿಮೆ. ನಮ್ಮ ಸಹಾಯ ಪುಟದಲ್ಲಿ ಈ ವ್ಯತ್ಯಾಸವನ್ನು ಬರೆದಿದ್ದೇವೆ. ಮಾರಾಟದ ದೃಷ್ಟಿಯಿಂದ ಅದು ಜಾಣತನವಲ್ಲವೆಂದು ತಂಡದಲ್ಲೇ ವಾದವಾಯಿತು.

ಇನ್ನು ಬದಿಯಿಂದ ಸೋರುವ ಮಾಹಿತಿ. ಟಿಪ್ಪಣಿಯನ್ನು ಮುಚ್ಚಿದ ನಂತರವೂ ಅದರ ಮೊದಲ ಸಾಲು ನೋಟಿಫಿಕೇಷನ್‌ನಲ್ಲಿ ತೆರೆದೇ ಹೋಗುತ್ತಿತ್ತು. ಕ್ರ್ಯಾಶ್ ವರದಿಗಳಲ್ಲಿ ಟಿಪ್ಪಣಿಯ ತುಣುಕುಗಳು ಸೇರಿಕೊಳ್ಳುತ್ತಿದ್ದವು. ಕೊಂಡಿಗಳ ಮುನ್ನೋಟ ಸಿದ್ಧಪಡಿಸಲು ಸರ್ವರ್ ಆ ಕೊಂಡಿಗಳನ್ನು ತೆರೆಯುತ್ತಿತ್ತು, ಅಂದರೆ ಅವು ಯಾವುವೆಂದು ಅದಕ್ಕೆ ಗೊತ್ತಾಗುತ್ತಿತ್ತು. ಒಂದೊಂದನ್ನೂ ಹುಡುಕಿ ಮುಚ್ಚಬೇಕಾಯಿತು. ಈಗ ನೋಟಿಫಿಕೇಷನ್ ಹೊತ್ತು ತರುವುದು ಖಾಲಿ ಸುದ್ದಿಯನ್ನು ಮಾತ್ರ, ಫೋನೇ ಎದ್ದು ಮಾಹಿತಿಯನ್ನು ತಂದು ತೆರೆಯುತ್ತದೆ. ಯಾರು ಯಾರೊಂದಿಗೆ ಯಾವಾಗ ಹಂಚಿಕೊಂಡರೆಂಬುದು ಸರ್ವರ್‌ಗೆ ಇಂದಿಗೂ ತಿಳಿಯುತ್ತದೆ. ಹುಡುಕಾಟವನ್ನು ಸರ್ವರ್‌ನಿಂದ ಸಾಧನಕ್ಕೆ ಸ್ಥಳಾಂತರಿಸಿದ್ದರಿಂದ, ಹೊಸ ಫೋನಿನಲ್ಲಿ ಎಲ್ಲವನ್ನೂ ಇಳಿಸಿಕೊಂಡು ಸೂಚಿ ಕಟ್ಟುವವರೆಗೆ ಅದು ಅಪೂರ್ಣವಾಗಿರುತ್ತದೆ. ಇದರ ಬಗ್ಗೆ ದೂರುಗಳು ಬರುತ್ತಲೇ ಇವೆ, ಅವು ನ್ಯಾಯವಾದ ದೂರುಗಳೇ.

ಚಾಟ್ ಆ್ಯಪ್ ಕಟ್ಟುವವರು ಮಾತ್ರ ಲಿಬ್‌ಸೋಡಿಯಂ ಒಂದನ್ನೇ ನಂಬಿ ಇಳಿಯಬಾರದು. ನಮ್ಮ ವಿನ್ಯಾಸದಲ್ಲಿ ಒಬ್ಬರ ದೀರ್ಘಾವಧಿಯ ಖಾಸಗಿ ಕೀಲಿ ಕಳವಾದರೆ ಅವರ ಹಳೆಯ ಟಿಪ್ಪಣಿಗಳೆಲ್ಲ ತೆರೆದುಕೊಳ್ಳುತ್ತವೆ. ಟಿಪ್ಪಣಿಗಳಿಗೆ ಇದು ಅನಿವಾರ್ಯವೆನ್ನಬಹುದು, ಏಕೆಂದರೆ ಹಳೆಯದನ್ನು ಓದಲೆಂದೇ ಜನ ಅವನ್ನು ಇಟ್ಟುಕೊಳ್ಳುತ್ತಾರೆ. ಸಂಭಾಷಣೆಗೆ ಹಾಗಲ್ಲ. ಟ್ರೆವರ್ ಪೆರಿನ್ ಮತ್ತು ಮಾಕ್ಸಿ ಮಾರ್ಲಿನ್‌ಸ್ಪೈಕ್ ರೂಪಿಸಿದ ಡಬಲ್ ರ‍್ಯಾಚೆಟ್ ವಿಧಾನದಲ್ಲಿ ಪ್ರತಿ ಸಂದೇಶಕ್ಕೂ ಕೀಲಿ ಬದಲಾಗಿ ಹಳೆಯದು ಅಳಿಯುತ್ತದೆ. ಇಂದಿನ ಕೀಲಿ ಕದ್ದವರಿಗೆ ನಿನ್ನೆಯ ಸಂದೇಶ ಸಿಗುವುದಿಲ್ಲ, ಕಳವಿನ ನಂತರ ಇಬ್ಬರೂ ಒಂದಷ್ಟು ಮಾತಾಡಿಕೊಂಡರೆ ನಾಳೆಯದೂ ಸಿಗುವುದಿಲ್ಲ. ವಾಟ್ಸ್‌ಆ್ಯಪ್ 2016ರ ಏಪ್ರಿಲ್‌ನಲ್ಲಿ ತನ್ನ ಎಲ್ಲ ಬಳಕೆದಾರರಿಗೂ ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್ ಪೂರ್ಣಗೊಳಿಸಿದ್ದು ಇದರ ಮೇಲೆಯೇ. ಇದನ್ನು ಲಿಬ್‌ಸೋಡಿಯಂನ ಬಿಡಿಭಾಗಗಳಿಂದ ಸ್ವತಃ ಕಟ್ಟಲು ಸಾಧ್ಯ, ಆದರೆ ಕಟ್ಟಬಾರದು.

ಅಂಥವರಿಗಾಗಿ ನಾವು ಆರಂಭದಲ್ಲಿ ನೋಡಿದ ಉಳಿದವುಗಳ ಬಗ್ಗೆ ಎರಡು ಮಾತು. ಸಿಗ್ನಲ್‌ನವರದೇ ಆದ ಲಿಬ್‌ಸಿಗ್ನಲ್ ರಸ್ಟ್ ಭಾಷೆಯಲ್ಲಿದೆ, ಕೋಡ್ ಅಚ್ಚುಕಟ್ಟಾಗಿದೆ. ಆದರೆ ಸಿಗ್ನಲ್‌ನ ಹೊರಗಿನ ಬಳಕೆಗೆ ಬೆಂಬಲವಿಲ್ಲವೆಂದು ಅವರೇ ಹೇಳಿದ್ದಾರೆ, ಜೊತೆಗೆ ಎಜಿಪಿಎಲ್ ಪರವಾನಗಿ ಇರುವುದರಿಂದ ನಿಮ್ಮ ಆ್ಯಪ್‌ನ ಕೋಡನ್ನೂ ತೆರೆದಿಡಬೇಕಾದೀತು. ಮ್ಯಾಟ್ರಿಕ್ಸ್ ಎಂಬ ಮುಕ್ತ ಚಾಟ್ ಜಾಲದ ಬಳಗದವರ ವೋಡೋಜೆಮಾಕ್ ಕೂಡ ರಸ್ಟ್‌ನಲ್ಲಿದೆ, 2022ರಲ್ಲಿ ಹೊರಗಿನವರ ಪರಿಶೀಲನೆ ಪಡೆದಿದೆ, ಪರವಾನಗಿ ಉದಾರವಾದದ್ದು; ಅದಕ್ಕೂ ಮೊದಲಿದ್ದ ಲಿಬ್‌ಓಲ್ಮ್ ಅನ್ನು ಈಗ ಕೈಬಿಟ್ಟಿದ್ದಾರೆ, ಹೊಸಬರು ಅತ್ತ ಹೋಗಬಾರದು. ದೊಡ್ಡ ಗುಂಪುಗಳಿಗೆ 2023ರ ಜುಲೈನಲ್ಲಿ ಆರ್‌ಎಫ್‌ಸಿ 9420 ಎಂಬ ಇಂಟರ್ನೆಟ್ ಮಾನಕ ದಾಖಲೆಯಾಗಿ ಪ್ರಕಟವಾದ ಎಂಎಲ್‌ಎಸ್ (ಮೆಸೇಜಿಂಗ್ ಲೇಯರ್ ಸೆಕ್ಯುರಿಟಿ) ವಿಧಾನವಿದೆ. ಅದು ಸದಸ್ಯರನ್ನು ಮರದ ರೂಪದಲ್ಲಿ ಜೋಡಿಸುವುದರಿಂದ, ಒಬ್ಬರು ಬಂದಾಗ ಹೋದಾಗ ಕೀಲಿ ಬದಲಿಸುವ ಖರ್ಚು ಸದಸ್ಯರ ಸಂಖ್ಯೆಯಷ್ಟು ವೇಗವಾಗಿ ಏರದಂತೆ ನೋಡಿಕೊಳ್ಳುತ್ತದೆ. ಓಪನ್‌ಎಂಎಲ್‌ಎಸ್ ಅದರ ಒಂದು ಅನುಷ್ಠಾನ. ನಮ್ಮ ಗುಂಪುಗಳು ಹತ್ತು ಹನ್ನೆರಡು ಜನ ದಾಟುವುದು ಅಪರೂಪವಾದ್ದರಿಂದ ಅಷ್ಟು ದೊಡ್ಡ ಯಂತ್ರ ನಮಗೆ ಬೇಕಾಗಲಿಲ್ಲ.

ಲಿಬ್‌ಸೋಡಿಯಂನ ದಾಖಲೆ ಪುಟಗಳು ಚೊಕ್ಕವಾಗಿವೆ. ಪ್ರತಿ ಫಂಕ್ಷನ್‌ನ ಉದ್ದೇಶವನ್ನೂ ಪುಟ್ಟ ಉದಾಹರಣೆಯನ್ನೂ ಕೊಟ್ಟಿದ್ದಾರೆ. ಕೊರತೆಯೆಂದರೆ, ಫಂಕ್ಷನ್‌ಗಳನ್ನು ಒಂದೊಂದಾಗಿ ವಿವರಿಸುತ್ತವೆಯೇ ಹೊರತು, ಇಂಥ ಆ್ಯಪ್‌ಗೆ ಇವುಗಳಲ್ಲಿ ಯಾವುದನ್ನು ಯಾವುದರ ಜೊತೆ ಸೇರಿಸಬೇಕೆಂದು ಹೇಳುವುದಿಲ್ಲ. ತುಂಡುಗಳ ವಿಷಯದಲ್ಲಿ ನಾವು ಎಡವಿದ್ದು ಅರ್ಧ ನಮ್ಮ ಅವಸರದಿಂದ, ಇನ್ನರ್ಧ ಸೀಕ್ರೆಟ್‌ಬಾಕ್ಸ್ ಮತ್ತು ಸೀಕ್ರೆಟ್‌ಸ್ಟ್ರೀಮ್ ಎರಡು ಬೇರೆ ಬೇರೆ ಪುಟಗಳಲ್ಲಿದ್ದುದರಿಂದ ಎಂದು ನನ್ನ ಅನಿಸಿಕೆ. ಐದರಲ್ಲಿ ಅಂಕ ಕೊಡಬೇಕಾದರೆ ಲೈಬ್ರರಿಗೆ ನಾಲ್ಕೂವರೆ ಕೊಡುತ್ತೇನೆ. ಟಿಪ್ಪಣಿ, ಕಡತ, ಆರೋಗ್ಯ ದಾಖಲೆ, ಪಾಸ್‌ವರ್ಡ್ ಸಂಗ್ರಹದಂಥ ಇಟ್ಟುಕೊಳ್ಳುವ ಮಾಹಿತಿಗೆ ಇದನ್ನು ಹಿಂಜರಿಯದೆ ಆರಿಸಬಹುದು.

ಕಳೆದ ವಾರ ಒಬ್ಬ ಬಳಕೆದಾರರು ತಮ್ಮ ಟಿಪ್ಪಣಿಯಲ್ಲಿ ಕೋಷ್ಟಕ ಸರಿಯಾಗಿ ಕಾಣುತ್ತಿಲ್ಲವೆಂದು ಬರೆದು, ‘ನೀವೇ ತೆರೆದು ನೋಡಿ’ ಎಂದು ಸೇರಿಸಿದ್ದರು. ಸಹಾಯ ವಿಭಾಗ ನೋಡಿಕೊಳ್ಳುವ ಗೆಳೆಯ ಹಳೆಯ ಅಭ್ಯಾಸದಂತೆ ಡೇಟಾಬೇಸ್ ತೆರೆದ. ಪರದೆಯ ಮೇಲೆ ಅರ್ಥವಿಲ್ಲದ ಅಕ್ಷರಗಳ ಸಾಲು ಹರಡಿಕೊಂಡಿತ್ತು. ಅದನ್ನು ಮುಚ್ಚಿ, ದಯವಿಟ್ಟು ಆ ಭಾಗದ ಚಿತ್ರವೊಂದನ್ನು ತೆಗೆದು ಕಳುಹಿಸಿ, ಖಾಸಗಿಯಾದದ್ದೇನಾದರೂ ಇದ್ದರೆ ಅಳಿಸಿ ಕಳುಹಿಸಿ ಎಂದು ಉತ್ತರ ಬರೆದ.